ಭೂಮಿಯೊಳಗಿನ ಹಬೆ: ಬಿಸಿ ಇದ್ದರೆ ಸಾಕೇ?

ಭೂಮಿಯ ಆಳದಲ್ಲಿ ಎಲ್ಲ ಕಡೆಯೂ ಬಿಸಿ ಇದೆಯಲ್ಲ, ಹಾಗಾದ್ರೆ ಎಲ್ಲಿ ಬೇಕಾದ್ರೂ ಕೊರೆದು ಹಬೆ ತೆಗೆದು ಕರೆಂಟ್ ಮಾಡಬಹುದಲ್ವಾ? ಸುಲಭವಿಲ್ಲ. ಯಾಕೆ ಅನ್ನೋದನ್ನ ಇವತ್ತು ಕ್ಯಾಲಿಫೋರ್ನಿಯಾದ ‘ದ ಗೀಸರ್ಸ್’ ಅನ್ನೋ ಜಾಗದ ಮೂಲಕ ನೋಡೋಣ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಈ ಬೆಟ್ಟಗಳಲ್ಲಿ 1960ರಿಂದ ನೆಲದ ಹಬೆಯಿಂದಲೇ ವಿದ್ಯುತ್ ತಯಾರಾಗುತ್ತಿದೆ.

ಇಂಥ ಕಡೆ ನೆಲದಡಿ ಹಬೆ ತುಂಬಿದ ದೊಡ್ಡ ಗುಹೆ ಇರುತ್ತೆ ಅಂತ ನಾನು ಮೊದಲು ಅಂದ್ಕೊಂಡಿದ್ದೆ. ಹಾಗಿಲ್ಲ. ಅಲ್ಲಿರೋದು ಗಟ್ಟಿ ಕಲ್ಲು. ಮೇಲಿನದು ಗ್ರೇವ್ಯಾಕ್, ಅಂದರೆ ಒತ್ತಡಕ್ಕೆ ಸಿಕ್ಕಿ ಬಿಗಿಯಾದ ಮರಳುಗಲ್ಲು. ಅದರ ಕೆಳಗೆ ಫೆಲ್ಸೈಟ್, ಅಂದರೆ ಶಿಲಾರಸ ನುಗ್ಗಿ ಒಳಗೇ ತಣಿದು ಆದ ಕಲ್ಲು. ಇನ್ನೂ ಆಳದಲ್ಲಿರುವ ಶಿಲಾರಸದ ಕಾವು ಇವನ್ನು ಬಿಸಿಯಾಗಿಟ್ಟಿದೆ. ಹಬೆಯ ಪದರದ ಉಷ್ಣತೆ ಸುಮಾರು 240 ಡಿಗ್ರಿ ಸೆಲ್ಸಿಯಸ್.

ಇಷ್ಟು ಬಿಗಿಯಾದ ಕಲ್ಲಲ್ಲಿ ಹಬೆ ಹರಿಯೋದು ಬಿರುಕುಗಳಲ್ಲಿ. ಕೋಲಾರದ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಡೆ ಬರೀ ಧೂಳು, ಪಕ್ಕದಲ್ಲೇ ಬಿರುಕು ಸಿಕ್ಕರೆ ನೀರು. ಗೀಸರ್ಸ್‌ನಲ್ಲೂ ಹಾಗೆಯೇ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಅಡಗಿರುತ್ತೆ. ಅದು ಕುದಿದು ಹಬೆಯಾಗಿ ಬಿರುಕಿಗೆ ಸೇರಿ, ಬಾವಿಯ ಮೂಲಕ ಮೇಲೆ ಬರುತ್ತೆ.

ಇನ್ನೊಂದು ವಿಷಯ. ಈ ಜಲಾಶಯದ ಮೇಲೂ ಸುತ್ತಲೂ ನೀರು ಇಳಿಯದ ಕಲ್ಲಿದೆ. ಹೊರಗಿನ ತಣ್ಣೀರು ನುಗ್ಗದ ಕಾರಣ ಒಳಗೆ ಒತ್ತಡ ಕಡಿಮೆ. ಅದಕ್ಕೇ ಬಾವಿಯಲ್ಲಿ ಬಿಸಿನೀರಿನ ಬದಲು ಒಣ ಹಬೆ ಬರುತ್ತೆ. ಆದರೆ ಖರ್ಚಾದ ನೀರು ತಾನಾಗಿ ಬೇಗ ತುಂಬಿಕೊಳ್ಳೋದೂ ಇಲ್ಲ.

1980ರ ದಶಕದ ಕೊನೆಗೆ ಇದರ ಬಿಸಿ ತಟ್ಟಿತು. ಸ್ಥಾವರಗಳು ಹೆಚ್ಚಾದವು, ಹಬೆಯ ಒತ್ತಡ ಕುಸಿಯಿತು, ಉತ್ಪಾದನೆ ಇಳಿಯಿತು. ಕಲ್ಲು ಇನ್ನೂ ಬಿಸಿಯಾಗಿಯೇ ಇತ್ತು. ಮುಗಿಯುತ್ತಾ ಬಂದದ್ದು ನೀರು! 1997ರಲ್ಲಿ ಲೇಕ್ ಕೌಂಟಿಯಿಂದ, 2003ರಲ್ಲಿ ಸಾಂಟಾ ರೋಸಾ ನಗರದಿಂದ ಪೈಪ್‌ಲೈನ್ ಹಾಕಿ, ಸಂಸ್ಕರಿಸಿದ ಕೊಳಚೆ ನೀರನ್ನು ಬಾವಿಗಳಿಗೆ ಇಳಿಸತೊಡಗಿದರು. ಕುಸಿತ ನಿಧಾನವಾಯಿತು.

ಇದಕ್ಕೂ ಒಂದು ಬೆಲೆ ಇದೆ. ತಣ್ಣೀರು ತಾಗಿದಾಗ ಬಿಸಿ ಕಲ್ಲು ಕುಗ್ಗುತ್ತೆ, ಬಿರುಕುಗಳು ಜಾರುತ್ತವೆ, ಸಣ್ಣ ಭೂಕಂಪಗಳಾಗುತ್ತವೆ. ಹೆಚ್ಚಿನವು ಯಂತ್ರಕ್ಕಷ್ಟೇ ಗೊತ್ತಾಗುವಂಥವು, ಕೆಲವು ಮಾತ್ರ ಅಕ್ಕಪಕ್ಕದ ಮನೆಗಳನ್ನು ಅಲುಗಿಸುತ್ತವೆ.

ಹಾಗಾಗಿ ‘ಎಂದೂ ಮುಗಿಯದ ಭೂಶಾಖ’ ಅಂತ ಯಾರಾದ್ರೂ ಹೇಳಿದ್ರೆ, ಅಲ್ಲಿ ಬಿರುಕು ಇದೆಯಾ, ನೀರು ಎಲ್ಲಿಂದ ಬರುತ್ತೆ ಅಂತ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.