ಹನ್ನೆರಡೋ? ಹದಿನಾರೋ?

ಕ್ಯಾಮೆರಾ ಕೊಂಡ ಆರು ತಿಂಗಳಿಗೆ ಲೆನ್ಸ್ ಹುಚ್ಚು ಹಿಡಿಯುತ್ತದೆ. ಯಾರನ್ನೇ ಕೇಳಿ, ‘50 ಎಂಎಂ ತಗೋ ಮಗಾ’ ಅನ್ನುತ್ತಾರೆ. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಫೋಟೊ ನನಗೂ ಇಷ್ಟವೇ. ಆದರೆ ನಾನು ಹೆಚ್ಚಾಗಿ ಫೋಟೊ ತೆಗೆಯುವುದು ನೆಂಟರ ಮನೆಯ ನಾಮಕರಣ, ಸೀಮಂತಗಳಲ್ಲಿ. ಬಿಟ್ಟರೆ, ಊರಿಗೆ ಮೇಳ ಬಂದಾಗ ಯಕ್ಷಗಾನದ ಚೌಕಿಯಲ್ಲಿ. ಎರಡೂ ಕಡೆ ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ. ಅಲ್ಲಿ 50 ಎಂಎಂ ಹಾಕಿದರೆ ಮಗುವಿನ ಮುಖವೇನೋ ಸಿಗುತ್ತದೆ, ತೊಟ್ಟಿಲು ತೂಗುವ ಅಜ್ಜಿ ಫ್ರೇಮಿನ ಹೊರಗೆ.

ಹಾಗಾಗಿ ನನಗೆ ಬೇಕಿದ್ದದ್ದು ವೈಡ್ ಆ್ಯಂಗಲ್ ಪ್ರೈಮ್. ಅಂದರೆ ಝೂಮ್ ಇಲ್ಲದ, ಅಗಲ ನೋಟದ ಲೆನ್ಸ್. ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಸೋನಿ ಎ6000, 2014ರ ಮಾಡೆಲ್. ಕೈಯಲ್ಲಿದ್ದದ್ದು 25 ಸಾವಿರ ರೂಪಾಯಿ. ಎರಡು ಮದುವೆ ಸೀಸನ್‌ನಲ್ಲಿ ಸ್ಟುಡಿಯೊದವರ ಜೊತೆ ಲೈಟ್ ಹಿಡಿದು ಕೂಡಿಸಿದ ಹಣ ಅದು. ಮತ್ತೆ ಅಷ್ಟು ಕೂಡುವ ಹೊತ್ತಿಗೆ ಬಿಇ ಮುಗಿದಿರುತ್ತದೆ. ಆದ್ದರಿಂದ ಕೊಳ್ಳುವುದು ಒಂದೇ ಲೆನ್ಸ್.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿಯಿರಿ. ಎ6000ರಂಥ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಅಗಲ 23.5 ಎಂಎಂ. ನೀವು ನಿಲ್ಲುವ ದೂರವನ್ನು ಇದರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಎಷ್ಟು ಅಗಲದ ದೃಶ್ಯ ಫ್ರೇಮಿಗೆ ಬರುತ್ತದೆ ಎಂಬ ಲೆಕ್ಕ ಸಿಗುತ್ತದೆ. 10 ಅಡಿ ದೂರದಿಂದ 50 ಎಂಎಂನಲ್ಲಿ ಬರುವುದು 4.7 ಅಡಿ. 24ರಲ್ಲಿ 9.8, 16ರಲ್ಲಿ 14.7, 12ರಲ್ಲಿ ಹತ್ತಿರ ಹತ್ತಿರ 20 ಅಡಿ. ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಸಮರೂಪ ತ್ರಿಭುಜ, ಅಷ್ಟೇ.

ಫುಲ್ ಫ್ರೇಮ್‌ನವರ ಮಾತು ಕೇಳುವಾಗ ಸ್ವಲ್ಪ ಹುಷಾರು. ಅವರ ಸೆನ್ಸರ್ ಅಗಲ 36 ಎಂಎಂ. ಅವರು 20 ಎಂಎಂ ಲೆನ್ಸನ್ನು ಹೊಗಳಿದರೆಂದು ಅದನ್ನೇ ತಂದು ನಮ್ಮ ಕ್ಯಾಮೆರಾಗೆ ಹಾಕಿದರೆ ಸಿಗುವುದು ಅವರ 30ರ ನೋಟ. ಕ್ಯಾನನ್ ಆರ್50 ಇರುವವರಿಗೆ ಆರ್‌ಎಫ್ 16 ಎಂಎಂ ಎಫ್ 2.8 ಚೆನ್ನಾಗಿದೆ, ತೂಕ ಬರೀ 165 ಗ್ರಾಂ. ನಿಕಾನ್‌ನ ಡಿಎಕ್ಸ್ 24 ಎಂಎಂ ಎಫ್ 1.7 ಕೂಡ ಒಳ್ಳೆಯ ಲೆನ್ಸೇ. ಆದರೆ ನೋಟ ಫುಲ್ ಫ್ರೇಮಿನ 36ರಷ್ಟು, ಚಿಕ್ಕ ಕೋಣೆಯೊಳಗೆ ಅದನ್ನು ವೈಡ್ ಅನ್ನಲು ನನಗೆ ಮನಸ್ಸಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಒಂದು ಪ್ರಶ್ನೆ ಎದ್ದಿತು. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ 16ರಿಂದ 50. ಅಂದರೆ 16 ಈಗಾಗಲೇ ನನ್ನ ಬಳಿ ಇದೆ! ಹಾಗಾದರೆ 16ರ ಪ್ರೈಮ್‌ಗೆ ದುಡ್ಡು ಸುರಿಯುವುದು ಯಾಕೆ? ಉತ್ತರಕ್ಕಾಗಿ ಒಂದು ವರ್ಷದ ಹಾಳಾದ ಫೋಟೊಗಳನ್ನೆಲ್ಲ ತೆಗೆದು ನೋಡಿದೆ. ಅಂಚಿನಲ್ಲಿ ಕತ್ತರಿಸಿಹೋದವರು ಕಡಿಮೆ, ಅಲುಗಿ ಮಸುಕಾದವರು ಜಾಸ್ತಿ. ನನಗೆ ಸಾಲದಿದ್ದದ್ದು ಅಗಲ ಅಲ್ಲ, ಬೆಳಕು.

ಕಿಟ್ ಲೆನ್ಸಿನ ಅಪರ್ಚರ್ 16ರಲ್ಲಿ ಎಫ್ 3.5. ಎಫ್ 1.4 ಲೆನ್ಸ್ ಒಳಬಿಡುವ ಬೆಳಕು ಅದರ 6.25 ಪಟ್ಟು. ಚೌಕಿಯ ಮಂದ ಬಲ್ಬಿನಲ್ಲಿ ಐಎಸ್‌ಒ 6400 ಕೇಳುವ ಫೋಟೊ ಸುಮಾರು 1000ಕ್ಕೇ ಮುಗಿಯುತ್ತದೆ. ಬಣ್ಣ ಹಚ್ಚಿದ ಮುಖದ ಮೇಲಿನ ಸಣ್ಣ ಗೆರೆಗಳು ಉಳಿಯುವುದು ಆಗಲೇ.

ಇನ್ನೊಂದು ಮಾತನ್ನೂ ಹೇಳಬೇಕು. ನೀವು ತೆಗೆಯುವುದು ಬೇಲೂರು, ಸೋಮನಾಥಪುರದ ಒಳಗಿನ ಕಂಬಗಳನ್ನು ಮಾತ್ರ ಅಂತಾದರೆ ಕಿಟ್ ಲೆನ್ಸೇ ಸಾಕು. ಅದರಲ್ಲಿ ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಇದೆ. ಉಸಿರು ಬಿಗಿ ಹಿಡಿದರೆ ಸೆಕೆಂಡಿನ ಎಂಟನೇ ಒಂದು ಭಾಗದ ಶಟರ್ ವೇಗದಲ್ಲೂ ಫೋಟೊ ಬರುತ್ತದೆ. ಕಂಬ ಅಲ್ಲಾಡುವುದಿಲ್ಲ. ಮುಂಡಾಸು ಕಟ್ಟುವ ಕೈ ಅಲ್ಲಾಡುತ್ತದೆ, ಅದಕ್ಕೆ ಸ್ಟೆಬಿಲೈಸೇಶನ್ ಏನೂ ಮಾಡಲಾರದು.

ಕೊನೆಗೆ ಉಳಿದದ್ದು ಎರಡು. ಒಂದು, ಸಮ್ಯಾಂಗ್ 12 ಎಂಎಂ ಎಫ್ 2, ಕೈಯಿಂದ ಫೋಕಸ್ ಮಾಡುವಂಥದ್ದು. ಇನ್ನೊಂದು, 2017ರಲ್ಲಿ ಬಂದ ಸಿಗ್ಮಾ 16 ಎಂಎಂ ಎಫ್ 1.4, ಇದರಲ್ಲಿ ಆಟೊಫೋಕಸ್ ಇದೆ. ಸೆವೆನ್‌ಆರ್ಟಿಸನ್ಸ್ ಕಂಪನಿಯ 12 ಎಂಎಂ ಎಫ್ 2.8 ಕೂಡ ಕೈಫೋಕಸ್‌ನದೇ.

ಕೈಫೋಕಸ್ ಅಂದರೆ ಹೆದರುವವರೇ ಹೆಚ್ಚು. 12 ಎಂಎಂನಲ್ಲಿ ಹೆದರಿಕೆ ಬೇಕಿಲ್ಲ. ಅಪರ್ಚರ್ 5.6ಕ್ಕೆ ಇಟ್ಟು 1.3 ಮೀಟರ್‌ಗೆ ಫೋಕಸ್ ಮಾಡಿಬಿಟ್ಟರೆ 65 ಸೆಂಟಿಮೀಟರ್‌ನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ರಿಂಗ್ ಮುಟ್ಟುವುದೇ ಬೇಡ. ಹಂಪಿಯ ಬಂಡೆ, ಜೋಗದ ಕಣಿವೆ, ರಾತ್ರಿಯ ನಕ್ಷತ್ರ ಅನ್ನುವವರು ಕಣ್ಣು ಮುಚ್ಚಿ 12 ಕೊಳ್ಳಬಹುದು. ಆದರೆ 16ರಲ್ಲಿ 1.4ಕ್ಕೆ ತೆರೆದಾಗ ಇದೇ ಲೆಕ್ಕ 9 ಮೀಟರ್ ದಾಟುತ್ತದೆ. ಎರಡು ಮೀಟರ್ ದೂರದ ಮುಖಕ್ಕೆ ಸರಿಯಾಗಿಯೇ ಫೋಕಸ್ ಆಗಬೇಕು, ಆ ಮುಖವೋ ಸುಮ್ಮನೆ ಕೂರುವುದಿಲ್ಲ. ಅಲ್ಲಿ ಆಟೊಫೋಕಸ್ ಇಲ್ಲದೆ ಆಗದು. ಜೊತೆಗೆ, ಲೆನ್ಸ್ ಅಗಲವಾದಷ್ಟೂ ಅಂಚಿನಲ್ಲಿ ನಿಂತವರು ಎಳೆದಂತೆ ದಪ್ಪ ಕಾಣುತ್ತಾರೆ. 12ರಲ್ಲಿ ಗ್ರೂಪ್ ಫೋಟೊ ತೆಗೆದು ಅತ್ತೆಯನ್ನು ತುದಿಗೆ ನಿಲ್ಲಿಸಿದರೆ ಮುಂದಿನ ಹಬ್ಬಕ್ಕೆ ಕರೆ ಬರುವುದು ಅನುಮಾನ.

ನಾನು ಸಿಗ್ಮಾ ಆರಿಸಿದೆ. ತೂಕ 405 ಗ್ರಾಂ. ಬ್ಯಾಟರಿ ಸಮೇತ ನನ್ನ ಕ್ಯಾಮೆರಾ 344 ಗ್ರಾಂ. ಬಾಡಿಗಿಂತ ಲೆನ್ಸೇ ಭಾರ, ಕೊರಳಿಗೆ ಹಾಕಿಕೊಂಡರೆ ಮೂತಿ ಕೆಳಗೆ ಮಾಡಿ ನೇತಾಡುತ್ತದೆ. ಸ್ಟೆಬಿಲೈಸೇಶನ್ ಇಲ್ಲ, ನಡೆಯುತ್ತಾ ವಿಡಿಯೊ ಮಾಡುವವರಿಗೆ ನಾನಿದನ್ನು ಹೇಳುವುದಿಲ್ಲ. ಹೊಸದು ನನ್ನ ಬಜೆಟ್‌ಗೆ ಬರಲಿಲ್ಲ. ಹಳೆಯದು 22 ಸಾವಿರಕ್ಕೆ ಸಿಕ್ಕಿತು.

ಹಳೆಯ ಲೆನ್ಸ್ ಕೊಳ್ಳುವವರು ಮೊಬೈಲ್ ಟಾರ್ಚ್ ಹಚ್ಚಿ ಹಿಂದಿನಿಂದ ಬೆಳಕು ಬಿಟ್ಟು ನೋಡಬೇಕು. ಧೂಳಿನ ನಾಲ್ಕು ಕಣ ಇದ್ದರೆ ಪರವಾಗಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಕರಾವಳಿ, ಮಲೆನಾಡಿನಲ್ಲಿ ಬಳಸಿದ ಲೆನ್ಸ್ ಆದರೆ ಎರಡು ಸಲ ನೋಡಿ. ಆಮೇಲೆ ಒಂದು ಇಟ್ಟಿಗೆ ಗೋಡೆಯ ಎದುರು ನೇರವಾಗಿ ನಿಂತು ಫೋಟೊ ತೆಗೆದು, ನಾಲ್ಕೂ ಮೂಲೆ ಹಿಗ್ಗಿಸಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಜಾಗ ಬಿಟ್ಟಿರಬಹುದು, ಲೆನ್ಸ್ ಎಲ್ಲೋ ಬಿದ್ದಿರುವ ಸಾಧ್ಯತೆ ಹೆಚ್ಚು. ಬಿಲ್ಲಿನ ಸೀರಿಯಲ್ ನಂಬರ್, ಲೆನ್ಸಿನ ಮೇಲಿನದು ಒಂದೇ ಇರಬೇಕು.

ಉಳಿದ 3 ಸಾವಿರದಲ್ಲಿ ಒಂದಿಷ್ಟು 67 ಎಂಎಂ ಫಿಲ್ಟರ್‌ಗೆ ಹೋಯಿತು. ಡ್ರೈ ಕ್ಯಾಬಿನೆಟ್ ಕೊಳ್ಳುವ ಶಕ್ತಿ ಇಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಲೆನ್ಸ್ ಇಟ್ಟಿದ್ದೇನೆ. ಅಮ್ಮ ಅದರಲ್ಲಿ ಹಪ್ಪಳ ಇಡುತ್ತಿದ್ದರು.