ಮುಖ ಒಂದು ಕಡೆ, ನಡೆ ಇನ್ನೊಂದು ಕಡೆ: ವಾಲಿದ ಡಿರಾಕ್ ಶಂಕುಗಳಲ್ಲಿ ಎಲೆಕ್ಟ್ರಾನ್

ಗಾಜಿನ ಮಸೂರವನ್ನು ಒಮ್ಮೆ ಉಜ್ಜಿ ಸಿದ್ಧಮಾಡಿದರೆ ಅದರ ವಕ್ರೀಭವನಾಂಕ ಮತ್ತೆ ಬದಲಾಗುವುದಿಲ್ಲ. ಆದರೆ ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆಯಲ್ಲಿ ಓಡುವ ಎಲೆಕ್ಟ್ರಾನ್‌ಗಳಿಗೆ ವೋಲ್ಟೇಜ್ ಗುಂಡಿ ತಿರುಗಿಸಿಯೇ ಮಸೂರ ಮಾಡಬಹುದು. ಹಾಳೆಯಡಿ ಅಕ್ಕಪಕ್ಕ ಎರಡು ಗೇಟ್‌ಗಳನ್ನಿಟ್ಟು ಒಂದಕ್ಕೆ ಧನ, ಇನ್ನೊಂದಕ್ಕೆ ಋಣ ವೋಲ್ಟೇಜ್ ಕೊಟ್ಟರೆ ಒಂದು ಪಾಲಿನಲ್ಲಿ ಎಲೆಕ್ಟ್ರಾನ್‌ಗಳು ತುಂಬಿಕೊಳ್ಳುತ್ತವೆ. ಇನ್ನೊಂದರಲ್ಲಿ ಅವು ಖಾಲಿಬಿಟ್ಟ ಜಾಗಗಳು, ಅಂದರೆ ರಂಧ್ರಗಳು ಉಳಿಯುತ್ತವೆ. ಮೊದಲನೆಯದು ಎನ್ ವಲಯ, ಎರಡನೆಯದು ಪಿ ವಲಯ. ಎಲೆಕ್ಟ್ರಾನ್ ಬಾಗುವುದು ಇವೆರಡರ ಗಡಿಯಲ್ಲಿ.

ಬಾಗುವ ನಿಯಮ ಬೆಳಕಿನದ್ದೇ. ಸಂವೇಗದಲ್ಲಿ ಗಡಿಗುಂಟ ಇರುವ ಪಾಲು ಗಡಿ ದಾಟುವಾಗ ಬದಲಾಗುವುದಿಲ್ಲ. ಸ್ನೆಲ್ ನಿಯಮದ ಮೂಲವೂ ಇದೇ. ಆದರೆ ಪಿ ವಲಯದಲ್ಲಿ ವೇಗವು ಸಂವೇಗಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಹಾಗಾಗಿ ಗಡಿ ದಾಟಿದ ಎಲೆಕ್ಟ್ರಾನ್ ಸಾಮಾನ್ಯ ಗಾಜಿನಲ್ಲಿ ಬೆಳಕು ಬಾಗುವುದಕ್ಕಿಂತ ಆಚೆ ಮಗ್ಗುಲಿಗೆ ತಿರುಗುತ್ತದೆ. ಬೆಳಕಿಗೆ ಇಂಥ ಋಣ ವಕ್ರೀಭವನವನ್ನು 1960ರ ದಶಕದಲ್ಲೇ ಕಲ್ಪಿಸಿದವರು ರಷ್ಯಾದ ವೆಸೆಲಾಗೋ. ಗ್ರಾಫೀನ್ ಗಡಿಯೇ ಅಂಥ ಮಸೂರವಾಗಬಲ್ಲದು, ಒಂದು ಬಿಂದುವಿನಿಂದ ಚೆದರಿದ ಎಲೆಕ್ಟ್ರಾನ್‌ಗಳು ಗಡಿಯಾಚೆ ಅಷ್ಟೇ ದೂರದಲ್ಲಿ ಮತ್ತೆ ಕೂಡುತ್ತವೆ ಎಂದು 2007ರಲ್ಲಿ ಚೆಯನೊವ್, ಫಾಲ್ಕೊ ಮತ್ತು ಆಲ್ಟ್‌ಶುಲರ್ ಲೆಕ್ಕ ಹಾಕಿ ತೋರಿಸಿದರು. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಈ ಬಾಗುವಿಕೆಯನ್ನು ಪ್ರಯೋಗದಲ್ಲಿ ಅಳೆಯಿತು. ಇನ್ನೊಂದು ವಿಶೇಷವೂ ಇದೆ. ಗಡಿಗೆ ನೆಟ್ಟಗೆ ಬಂದ ಎಲೆಕ್ಟ್ರಾನ್ ಒಂದಿಷ್ಟೂ ಪ್ರತಿಫಲಿಸದೆ ಪೂರ್ತಿ ದಾಟಿಬಿಡುತ್ತದೆ. 1929ರಲ್ಲಿ ಆಸ್ಕರ್ ಕ್ಲೈನ್ ಗುರುತಿಸಿದ ಈ ವಿಚಿತ್ರಕ್ಕೆ ಕ್ಲೈನ್ ಸುರಂಗ ಎಂದೇ ಹೆಸರು.

ಇದೆಲ್ಲ ನೆಟ್ಟಗೆ ನಿಂತ ಶಂಕುವಿನ ಕಥೆ. ಗ್ರಾಫೀನಿನಲ್ಲಿ ಎಲೆಕ್ಟ್ರಾನಿನ ಸಂವೇಗಕ್ಕೆ ಎದುರಾಗಿ ಶಕ್ತಿಯ ನಕ್ಷೆ ಬಿಡಿಸಿದರೆ ತುದಿಗೆ ತುದಿ ತಾಗಿದ ಎರಡು ಶಂಕುಗಳು ಸಿಗುತ್ತವೆ. ಅವೇ ಡಿರಾಕ್ ಶಂಕುಗಳು. ಯಾವುದೋ ಒಂದು ಶಕ್ತಿಯ ಮಟ್ಟದಲ್ಲಿ ಶಂಕುವನ್ನು ಅಡ್ಡ ಕತ್ತರಿಸಿದರೆ ಸಿಗುವುದು ವೃತ್ತ. ಎಲೆಕ್ಟ್ರಾನ್ ಸಾಗುವ ದಿಕ್ಕು ಯಾವಾಗಲೂ ಆ ಅಂಚಿಗೆ ಲಂಬ. ವೃತ್ತದ ಲಂಬಗಳೆಲ್ಲ ಕೇಂದ್ರದ ಮೂಲಕವೇ ಹಾಯುವುದರಿಂದ ಸಂವೇಗವೂ ನಡೆಯೂ ಒಂದೇ ರೇಖೆಯಲ್ಲಿರುತ್ತವೆ. ಶಂಕು ವಾಲಿದರೆ ವೃತ್ತದ ಬದಲು ದೀರ್ಘವೃತ್ತ ಬರುತ್ತದೆ, ಅದರ ಕೇಂದ್ರವೂ ಶಂಕುಗಳ ತುದಿಗಳು ತಾಗುವ ಡಿರಾಕ್ ಬಿಂದುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಗೆ ಸಂವೇಗದ ದಾರಿ ಬೇರೆ, ನಡೆಯ ದಾರಿ ಬೇರೆ. ಹರಿವ ಹೊಳೆಯಲ್ಲಿ ದೋಣಿಯ ಮೂತಿ ಎದುರು ದಡಕ್ಕೆ ನೆಟ್ಟಗಿದ್ದರೂ ದೋಣಿ ಓರೆಯಾಗಿ ಸಾಗುವಂತೆ. ಗಡಿಗೆ ಲೆಕ್ಕ ಸಂವೇಗದ್ದು. ನಮ್ಮ ಉಪಕರಣಕ್ಕೆ ಕಾಣುವುದು ನಡೆ. ನನ್ನ ಮಟ್ಟಿಗೆ ಈ ವಿಷಯದ ಸೊಗಸೆಲ್ಲ ಇರುವುದು ಈ ಒಡಕಿನಲ್ಲೇ.

ಒಂದು ಲೆಕ್ಕ ಮಾಡಿಯೇ ನೋಡೋಣ. 8-ಪಿಎಂಎಂಎನ್ ಎಂಬ ಜೋಡಣೆಯ ಬೋರೋಫೀನ್, ಅಂದರೆ ಬೋರಾನ್ ಹಾಳೆ, ವಾಲಿದ ಶಂಕುವಿಗೆ ಸಿದ್ಧಾಂತಿಗಳ ಅಚ್ಚುಮೆಚ್ಚಿನ ಉದಾಹರಣೆ. ಅದರಲ್ಲಿ ಒಂದು ಅಕ್ಷದಗುಂಟ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 860 ಕಿ.ಮೀ.; ಅದಕ್ಕೆ ಅಡ್ಡಲಾಗಿ ವಾಲಿಕೆಯಿಂದ ಬರುವ ವೇಗ ಸುಮಾರು 320 ಕಿ.ಮೀ. ಗಡಿಯನ್ನು ವಾಲಿಕೆಯ ದಿಕ್ಕಿಗೆ ಸಮಾಂತರವಾಗಿ ಎಳೆಯೋಣ. ಗಡಿಗುಂಟ ಸಂವೇಗವೇ ಇಲ್ಲದ ಎಲೆಕ್ಟ್ರಾನ್ ಕ್ಲೈನ್ ನಿಯಮದಂತೆ ಪೂರ್ತಿ ದಾಟಬೇಕು. ದಾಟುತ್ತದೆ ಕೂಡ. ಆದರೆ ಅದು ಚಲಿಸುವ ಕೋನ ಲಂಬಕ್ಕೆ 20.4 ಡಿಗ್ರಿ ಓರೆ, ಏಕೆಂದರೆ 320ನ್ನು 860ರಿಂದ ಭಾಗಿಸಿದರೆ ಸಿಗುವ 0.372 ಆ ಕೋನದ ಸ್ಪರ್ಶಕ. ಪಿ ವಲಯದಲ್ಲೂ ವಾಲಿಕೆಯ ವೇಗ ಹಾಗೆಯೇ ಇರುವುದರಿಂದ ಎಲೆಕ್ಟ್ರಾನ್ ಬಾಗದೆ ಅದೇ ಓರೆಯಲ್ಲಿ ಮುಂದೆ ಹೋಗುತ್ತದೆ. ಗಡಿಗೆ ನೆಟ್ಟಗೆ ನಡೆದು ಬಂದ ಎಲೆಕ್ಟ್ರಾನಿಗೆ ಇಲ್ಲಿ ಪೂರ್ತಿ ದಾಟುವ ಭಾಗ್ಯವಿಲ್ಲ.

ಮಸೂರದ ನಾಭಿಯೂ ಸರಿಯುತ್ತದೆ. ಎರಡೂ ವಲಯಗಳಲ್ಲಿ ವಾಹಕಗಳ ಸಾಂದ್ರತೆ ಒಂದೇ ಇದ್ದು, ಮೂಲಬಿಂದು ಗಡಿಯಿಂದ 1 ಮೈಕ್ರೋಮೀಟರ್ ದೂರವಿದ್ದರೆ, ನಡುಗಿರಣಗಳು ಆಚೆ 1 ಮೈಕ್ರೋಮೀಟರ್ ದೂರದಲ್ಲೇ ಕೂಡುತ್ತವೆ, ಆದರೆ ಸುಮಾರು 0.74 ಮೈಕ್ರೋಮೀಟರ್ ಪಕ್ಕಕ್ಕೆ. ಅಂಚಿನ ಕಿರಣಗಳು ಅಲ್ಲಿಗೆ ಬಂದು ಸೇರುವುದಿಲ್ಲ, ನಾಭಿ ಹರಡಿಕೊಳ್ಳುತ್ತದೆ. ಇನ್ನೂ ಒಂದು ಮಾತು: ಈ ಹರಳಿನಲ್ಲಿ ಡಿರಾಕ್ ಶಂಕುಗಳು ಸಂವೇಗದ ನಕ್ಷೆಯ ಎರಡು ಬೇರೆ ಜಾಗಗಳಲ್ಲಿವೆ, ಆ ಜಾಗಗಳಿಗೆ ಕಣಿವೆಗಳೆಂದು ಹೆಸರು. ಕಾಲವನ್ನು ಹಿಮ್ಮುಖ ಮಾಡಿದರೂ ಹರಳಿನ ನಿಯಮ ಬದಲಾಗಬಾರದು ಎಂಬ ಕಟ್ಟುಪಾಡಿನಿಂದ ಎರಡನೆಯ ಕಣಿವೆಯ ಶಂಕು ಎದುರು ದಿಕ್ಕಿಗೆ ವಾಲಿರುತ್ತದೆ. ಹಾಗಾಗಿ ಅಲ್ಲಿನ ಎಲೆಕ್ಟ್ರಾನ್‌ಗಳು ಎದುರು ಬದಿಯಲ್ಲಿ ಕೂಡುತ್ತವೆ, ಎರಡು ಚುಕ್ಕೆಗಳ ನಡುವೆ ಸುಮಾರು ಒಂದೂವರೆ ಮೈಕ್ರೋಮೀಟರ್ ಅಂತರ. ಕಾಂತಕ್ಷೇತ್ರವಿಲ್ಲದೆ ಬರೀ ಗೇಟ್ ವೋಲ್ಟೇಜಿನಿಂದ ಎರಡು ಕಣಿವೆಗಳನ್ನು ಬೇರ್ಪಡಿಸುವ ಸಾಧ್ಯತೆ ಇದು. ಕಣಿವೆಯನ್ನೇ ಮಾಹಿತಿಯ 0 ಮತ್ತು 1 ಆಗಿ ಬಳಸಬೇಕೆನ್ನುವವರಿಗೆ ಬೇಕಾಗಿರುವುದೂ ಇದೇ.

ಕಿರಣ ಕಿರಣವಾಗಿ ಉಳಿಯಲು ಎಲೆಕ್ಟ್ರಾನ್ ದಾರಿಯಲ್ಲಿ ಎಲ್ಲೂ ಡಿಕ್ಕಿ ಹೊಡೆಯಬಾರದು. ಗ್ರಾಫೀನಿಗೆ ಈ ಅನುಕೂಲ ಸಿಕ್ಕಿದ್ದು ಬೋರಾನ್ ನೈಟ್ರೈಡ್ ಪದರಗಳ ನಡುವೆ ಅದನ್ನಿಟ್ಟು ತಂಪು ಮಾಡಿದಾಗ. ಆಗ ಹಲವು ಮೈಕ್ರೋಮೀಟರ್ ತಡೆಯಿಲ್ಲದ ಓಟ ಸಾಧ್ಯ. ಗಡಿಯೂ ಚೂಪಾಗಿರಬೇಕು. ಚದರ ಸೆಂಟಿಮೀಟರಿಗೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನ್‌ಗಳಿದ್ದರೆ ಗ್ರಾಫೀನಿನಲ್ಲಿ ಅವುಗಳ ಅಲೆಯುದ್ದ ಸುಮಾರು 35 ನ್ಯಾನೋಮೀಟರ್. ಗಡಿ ಅದಕ್ಕಿಂತ ಅಗಲವಾದಷ್ಟೂ ಓರೆ ಕಿರಣಗಳು ಹಿಂದಕ್ಕೆ ಮರಳಿ ಮಸೂರ ಮಂಕಾಗುತ್ತದೆ.

ವಾಲಿದ ಶಂಕುಗಳಿಗೆ ತೊಡಕಿರುವುದು ವಸ್ತುವಿನಲ್ಲಿ. ಬಿಇಡಿಟಿ-ಟಿಟಿಎಫ್ ಎಂಬ ಸಾವಯವ ಅಣುವಿನ ಅಯೋಡಿನ್ ಲವಣವೊಂದರಲ್ಲಿ ಅವು ಇವೆಯೆಂದು ಜಪಾನಿನ ಸಿದ್ಧಾಂತಿಗಳು 2006ರಲ್ಲಿ ತೋರಿಸಿದರು. ಆದರೆ ಅದನ್ನು ವಾತಾವರಣದ ಸುಮಾರು 15 ಸಾವಿರ ಪಟ್ಟು ಒತ್ತಡದಲ್ಲಿ ಹಿಚುಕಿ ಹಿಡಿಯಬೇಕು. ಅಲ್ಲಿ ಸೂಕ್ಷ್ಮ ಗೇಟ್‌ಗಳನ್ನು ಜೋಡಿಸುವುದು ಕಷ್ಟದ ಕೆಲಸ. 8-ಪಿಎಂಎಂಎನ್ ಬೋರೋಫೀನ್ 2014ರ ಗಣಕ ಲೆಕ್ಕಾಚಾರದ ಕೂಸು. 2015ರಲ್ಲಿ ಬೆಳ್ಳಿಯ ಮೇಲೆ ಬೆಳೆಸಿದ ಬೋರಾನ್ ಹಾಳೆಗಳ ಪರಮಾಣು ಜೋಡಣೆ ಬೇರೆ. ಅಲ್ಲದೆ ಬೆಳ್ಳಿ ಲೋಹವಾದ್ದರಿಂದ ಕೆಳಗಿನ ಗೇಟಿನ ಪ್ರಭಾವವನ್ನು ಅದೇ ನುಂಗಿಬಿಡುತ್ತದೆ. ಬೇಕಾದ ಜೋಡಣೆಯ ಹಾಳೆಯನ್ನು ವಿದ್ಯುತ್ ನಿರೋಧಕದ ಮೇಲೆ ಕೂರಿಸಿದರೆ ಮಾತ್ರ ಆ 20.4 ಡಿಗ್ರಿಯನ್ನು ಅಳೆಯಲು ಕೈಹಾಕಬಹುದು.