ಅಯಸ್ಕಾಂತ ಪುಕ್ಕಟೆ ಶಕ್ತಿ ಕೊಡುತ್ತದೆಯೇ?

‘ಪೆಟ್ರೋಲ್ ಬೇಡ, ಕರೆಂಟೂ ಬೇಡ. ಅಯಸ್ಕಾಂತದ ಬಲದಿಂದಲೇ ಸದಾ ತಿರುಗುವ ಯಂತ್ರ ಕಂಡುಹಿಡಿದಿದ್ದೇವೆ’ ಎನ್ನುವವರು ಆಗಾಗ ಕಾಣಿಸಿಕೊಳ್ಳುತ್ತಾರೆ. ಅವರನ್ನು ನಂಬಿ ಕೈಯಲ್ಲಿದ್ದ ಹಣ ಹಾಕುವವರೂ ಉಂಟು. ಇಂಥ ಮಾತಿನ ಸತ್ಯಾಸತ್ಯ ತಿಳಿಯಲು ಎಂಜಿನಿಯರೇ ಆಗಬೇಕಿಲ್ಲ; ಹೈಸ್ಕೂಲಿನ ಭೌತವಿಜ್ಞಾನ ಸಾಕು.

ಮೊದಲು ಬಲಕ್ಕೂ ಶಕ್ತಿಗೂ ಇರುವ ವ್ಯತ್ಯಾಸ ನೋಡೋಣ. ಕಬ್ಬಿಣದ ಬೀರುವಿಗೆ ಅಂಟಿಸಿದ ಅಯಸ್ಕಾಂತ ವರ್ಷಗಟ್ಟಲೆ ಬೀಳದೆ ನಿಲ್ಲುತ್ತದೆ. ಅದಕ್ಕೆ ದಣಿವಾಗುವುದಿಲ್ಲವೇ? ಇಲ್ಲ. ಗೋಡೆಯ ಮೊಳೆ ವರ್ಷವಿಡೀ ಕ್ಯಾಲೆಂಡರನ್ನು ಹೊತ್ತು ನಿಂತ ಹಾಗೆಯೇ ಇದು. ಬಲ ಇದೆ, ಆದರೆ ಏನೂ ಸರಿಯುತ್ತಿಲ್ಲ. ಬಲದಿಂದ ವಸ್ತು ಸರಿದಾಗ ಮಾತ್ರ ಅದು ‘ಕೆಲಸ’. ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ.

ಅಯಸ್ಕಾಂತ ಮೊಳೆಯೊಂದನ್ನು ತನ್ನತ್ತ ಎಳೆದುಕೊಂಡಾಗ ಕೆಲಸ ನಡೆಯಿತು, ನಿಜ. ಆದರೆ ಆ ಮೊಳೆಯನ್ನು ಕಿತ್ತು ಮೊದಲಿನ ಜಾಗದಲ್ಲಿಡಲು ನಿಮ್ಮ ಕೈ ಕನಿಷ್ಠ ಅಷ್ಟೇ ಕೆಲಸ ಮಾಡಬೇಕು. ಕೊಟ್ಟದ್ದನ್ನು ಅಯಸ್ಕಾಂತ ಹಾಗೆಯೇ ವಸೂಲಿ ಮಾಡುತ್ತದೆ! ಒಂದು ಸುತ್ತು ಮುಗಿದಾಗ ಲಾಭ ಸೊನ್ನೆ. ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಷ್ಟವೇ.

ಹಾಗಾದರೆ ಅಯಸ್ಕಾಂತದಿಂದ ವಿದ್ಯುತ್ ಹುಟ್ಟುವುದು ಹೇಗೆ? ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತ ಆ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ 1831ರಲ್ಲಿ ಇದನ್ನು ತೋರಿಸಿದ. ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಸುಮ್ಮನೆ ಇಟ್ಟರೆ ಏನೂ ಆಗದು. ಒಳಗೆ ಹೊರಗೆ ಆಡಿಸಿದರೆ ಮಾತ್ರ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ.

ಆಡಿಸುವವರು ಯಾರು? ಗುಟ್ಟಿರುವುದು ಅಲ್ಲೇ. ಮನೆಯಲ್ಲಿ ಡೈನಮೋ ಇರುವ ಹಳೆಯ ಸೈಕಲ್ ಇದ್ದರೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಡೈನಮೋವನ್ನು ಟೈರಿಗೆ ತಾಗಿಸಿ, ದೀಪದ ತಂತಿ ಬಿಡಿಸಿ ಪೆಡಲ್ ತುಳಿಯಿರಿ. ಆಮೇಲೆ ತಂತಿ ಜೋಡಿಸಿ, ದೀಪ ಹೊತ್ತಿಸಿಕೊಂಡು ತುಳಿಯಿರಿ. ಎರಡನೆಯ ಸಲ ಪೆಡಲ್ ಹೆಚ್ಚು ಭಾರ. ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ತು ತಾನೂ ಕಾಂತಕ್ಷೇತ್ರವನ್ನುಂಟುಮಾಡಿ ಅಯಸ್ಕಾಂತದ ತಿರುಗುವಿಕೆಯನ್ನು ತಡೆಯುತ್ತದೆ. ಇದೇ ಲೆನ್ಜ್ ನಿಯಮ. ಆ ತಡೆಯನ್ನು ಮೀರಿ ನಿಮ್ಮ ಕಾಲು ಮಾಡುವ ಕೆಲಸವೇ ದೀಪದ ಬೆಳಕು. ಕಾಲಿಗೆ ಆ ಶಕ್ತಿ ಬೆಳಿಗ್ಗೆ ತಿಂದ ರೊಟ್ಟಿಯಿಂದ ಬಂತು. ರೊಟ್ಟಿಯ ಧಾನ್ಯಕ್ಕೆ ಸೂರ್ಯನಿಂದ.

ಶಿವನಸಮುದ್ರದ ಕಥೆಯೂ ಇದೇ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಲ್ಲಿ ಪೆಡಲ್ ತುಳಿದವಳು ಕಾವೇರಿ. ಎತ್ತರದಲ್ಲಿದ್ದ ನೀರಿನ ಪ್ರಚ್ಛನ್ನಶಕ್ತಿ ಬೀಳುವಾಗ ಚಲನಶಕ್ತಿಯಾಗಿ, ಚಕ್ರ ತಿರುಗಿಸಿ ವಿದ್ಯುತ್ತಾಯಿತು. ಆ ನೀರನ್ನು ಆವಿಯಾಗಿಸಿ ಮೇಲಕ್ಕೆತ್ತಿದ್ದು ಸೂರ್ಯನೇ.

ಶಕ್ತಿ ರೂಪ ಬದಲಿಸುತ್ತದೆ. ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ‘ನಿರಂತರ ಚಲನೆಯ ಯಂತ್ರ’ಗಳ ಪರಿಶೀಲನೆಯನ್ನು ನಿಲ್ಲಿಸಿಬಿಟ್ಟಿತು.

ತಂದೆತಾಯಂದಿರೇ, ಮಕ್ಕಳು ಈ ನಿಯಮವನ್ನು ಬಾಯಿಪಾಠ ಒಪ್ಪಿಸಿದರೆ ಎರಡು ಅಂಕ ಬಂದೀತು. ಆದರೆ ಒಮ್ಮೆ ಸೈಕಲ್ ತುಳಿಸಿ ನೋಡಿ. ಮುಂದೊಂದು ದಿನ ಯಾರಾದರೂ ಪುಕ್ಕಟೆ ಶಕ್ತಿಯ ಯಂತ್ರ ತೋರಿಸಿದಾಗ ‘ಇದರ ಪೆಡಲ್ ತುಳಿಯುವವರು ಯಾರು?’ ಎಂದು ಅವರೇ ಕೇಳುತ್ತಾರೆ.